ಕವಳೆ ಹಣ್ಣಿಗೆ ಚೆರ್ರಿ ಅನ್ನೋ ಹೆಸರ್ಯಾಕೆ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ದಾವಣಗೆರೆಲಿ ಮಗಳ ಬರ್ತ್‌ಡೇಗೆ ಕೇಕ್ ತಂದಿದ್ವಿ, ಮೇಲಿದ್ದ ಕೆಂಪು ಚೆರ್ರಿನ ಬಿಡಿಸಿ ನೋಡಿದ್ರೆ ಅದು ಚೆರ್ರಿನೇ ಅಲ್ಲ, ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿರೋ ನಮ್ಮ ಕವಳೆ ಹಣ್ಣು, ಚಿಕ್ಕೋರಿದ್ದಾಗ ಮುಳ್ಳು ಚುಚ್ಚಿಸ್ಕೊಂಡು, ಕೈಯೆಲ್ಲ ಹಾಲಿನ ಅಂಟು ಮಾಡ್ಕೊಂಡು ಕಿತ್ಕೊಂಡು ತಿಂತಿದ್ವಲ್ಲ ಅದೇ.

ನಿಜವಾದ ಚೆರ್ರಿಲಿ ಹುಳಿ ಜಾತಿ ಅಂತ ಒಂದಿದೆ, ಅದಕ್ಕೆ ಒಳ್ಳೆ ಚಳಿಗಾಲ ಬೇಕು, ಟರ್ಕಿ, ಪೋಲೆಂಡ್, ಅಮೆರಿಕದ ಮಿಷಿಗನ್ ಕಡೆ ಬೆಳೆಯುತ್ತೆ. ಕಿತ್ತ ಮೇಲೆ ಬೇಗ ಕೆಡುತ್ತೆ, ಅದಕ್ಕೇ ದೇಶದಿಂದ ದೇಶಕ್ಕೆ ಹೋಗೋದು ಜಾಸ್ತಿ ಫ್ರೋಜನ್, ಒಣಗಿಸಿದ್ದು, ಇಲ್ಲ ಜ್ಯೂಸ್. 2019ರಲ್ಲಿ ಟರ್ಕಿಯ ಒಣ ಚೆರ್ರಿ ತೀರಾ ಕಮ್ಮಿ ರೇಟಿಗೆ ಬಂದು ಬೀಳ್ತಿದೆ ಅಂತ ಅಮೆರಿಕದ ಚೆರ್ರಿ ಉದ್ಯಮದೋರು ದೂರು ಕೊಟ್ರು, ಅಲ್ಲಿನ ವಾಣಿಜ್ಯ ಇಲಾಖೆ ಹೌದು ಅಂತು, ಆದ್ರೆ 2020ರ ಜನವರಿಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಇದರಿಂದ ನಿಮಗೆ ಹಾನಿ ಆಗಿಲ್ಲ ಅಂದ್ಬಿಡ್ತು, ಟರ್ಕಿ ಚೆರ್ರಿ ಮೇಲೆ ಆ ದೂರಿನಿಂದ ಹೆಚ್ಚಿನ ಸುಂಕ ಕೊನೆಗೂ ಬೀಳಲೇ ಇಲ್ಲ. ಮೆಕ್ಕೆಜೋಳ ಬೆಳೆದು ರೇಟಿಗಾಗಿ ಕಾಯೋ ನಮ್ಮಂಥೋರಿಗೆ ಅಲ್ಲಿನ ಚೆರ್ರಿ ಬೆಳೆಗಾರರ ಸಂಕಟ ಚೆನ್ನಾಗೇ ಅರ್ಥ ಆಗುತ್ತೆ.

ನಾನು ಕೇಳೋದಿಷ್ಟೇ. ಕವಳೆ ಹಣ್ಣು ಮಾರೋದು ತಪ್ಪಲ್ಲ, ಮಾರಲಿ, ಆದ್ರೆ ಪ್ಯಾಕೆಟ್ ಮೇಲೆ ದೊಡ್ಡದಾಗಿ ಕವಳೆ ಅಂತಲೇ ಬರೀಲಿ. ಚಿತ್ರದುರ್ಗದ ಕಡೆ ಕುರುಚಲು ಜಾಗದಲ್ಲಿ, ಬೇಲಿ ಸಾಲಲ್ಲಿ ಕಮ್ಮಿ ನೀರಲ್ಲಿ ಬರೋ ಗಿಡ ಅದು. ತೋಟಗಾರಿಕೆ ಇಲಾಖೆಯೋರು ಸಸಿ ಕೊಟ್ಟು, ಕೊಳ್ಳೋರ ಜೊತೆ ಮಾತಾಡಿಸಿ ಕೊಟ್ರೆ ನಾನೇ ಮೊದಲು ಬದುವಿಗೆ ಹಾಕ್ತೀನಿ.

— ಒಬ್ಬ ರೈತ, ದಾವಣಗೆರೆ