ಹುಳದ ಮೊಟ್ಟೆಯ ಪಾಠ ನಮ್ಮ ಮಕ್ಕಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಮಳೆ ನಿಂತು ಅಕ್ಟೋಬರ್ ಬಂತು ಅಂದ್ರೆ ನಮ್ಮ ಕೊಡಗಿನ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಅಲ್ಲಲ್ಲಿ ಹಳದಿಗೆ ತಿರುಗೋಕೆ ಶುರು, ಬೇರು ಕಿತ್ತು ನೋಡಿದ್ರೆ ಗಂಟು ಗಂಟು, ಆಗ ಎಲ್ಲರ ಬಾಯಲ್ಲೂ ನೆಮಟೋಡ್ ಅನ್ನೋ ಸಣ್ಣ ಹುಳದ್ದೇ ಮಾತು. ನಿಮ್ಮ ಕೃಷಿ ಪುಟದಲ್ಲೂ ಅದಕ್ಕೆ ಔಷಧಿ, ಬೇವಿನ ಹಿಂಡಿ ಅಂತ ಬರ್ತಾ ಇರುತ್ತೆ, ಬೇಕಾದ್ದೇ. ಆದ್ರೆ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡೋ ನನಗೆ, ಅದೇ ಬಳಗದ ಇನ್ನೊಂದು ಹುಳದ ಬಗ್ಗೆ ಕನ್ನಡದಲ್ಲಿ ಯಾರೂ ಬರೀತಿಲ್ವಲ್ಲ ಅಂತ ಬೇಜಾರು.

ಅದರ ಹೆಸರು ಸಿ. ಎಲಿಗನ್ಸ್. ಕೊಳೆತ ಹಣ್ಣು ಸೊಪ್ಪಿನಲ್ಲಿ ಬ್ಯಾಕ್ಟೀರಿಯಾ ತಿಂದ್ಕೊಂಡಿರುತ್ತೆ, ಉದ್ದ 1 ಮಿ.ಮೀ., ಬೇರಿನ ತಂಟೆಗೆ ಬರಲ್ಲ. ಮೊಟ್ಟೆ ಪಾರದರ್ಶಕ, ಹಾಗಾಗಿ ಒಂದು ಕೋಶ ಎರಡಾಗಿ ನಾಲ್ಕಾಗೋದನ್ನ ಮೈಕ್ರೋಸ್ಕೋಪಲ್ಲಿ ಕೂತು ನೋಡಬಹುದು. ಇದರ ಮೇಲಿನ ಕೆಲಸಕ್ಕೇ ಬ್ರೆನ್ನರ್, ಸಲ್‌ಸ್ಟನ್, ಹಾರ್ವಿಟ್ಜ್‌ಗೆ 2002ರಲ್ಲಿ ನೊಬೆಲ್ ಬಂದಿದ್ದು.

ನನಗೆ ತುಂಬಾ ಹಿಡಿಸಿದ್ದು ಈ ಹುಳದ ಜಿಎಲ್‌ಪಿ-1 ಅನ್ನೋ ಪ್ರೋಟೀನ್. ಕೋಶದ ಪೊರೆಯಲ್ಲಿ ಕೂತು ಪಕ್ಕದ ಕೋಶದ ಸಿಗ್ನಲ್ ತಗೊಳ್ಳೋದು ಇದರ ಕೆಲಸ. ಇದನ್ನ ತಯಾರಿಸೋ ಸೂಚನೆ ಹೊತ್ತ ಎಂಆರ್‌ಎನ್‌ಎ ಅನ್ನೋ ಅಣುವನ್ನ ತಾಯಿಯೇ ಮೊಟ್ಟೆಗೆ ತುಂಬಿರುತ್ತೆ, ನಾಲ್ಕು ಕೋಶ ಆದಾಗ ನಾಲ್ಕರಲ್ಲೂ ಅದಿದೆ. ಆದ್ರೆ ಪ್ರೋಟೀನ್ ಎಲ್ಲಿದೆ ಅಂತ ಹೊಳೆಯೋ ಬಣ್ಣ ಅಂಟಿಸಿ ನೋಡಿದ್ರೆ ಮುಂದಿನ ಎರಡು ಕೋಶಗಳ ಅಂಚು ಮಾತ್ರ ಹೊಳೆಯುತ್ತೆ, ಹಿಂದಿನ ಎರಡು ಪೂರ್ತಿ ಕತ್ತಲೆ! ಕಾಗದ ನಾಲ್ಕು ಮನೆಗೂ ಬಂದಿದೆ, ಒಡೆದು ಓದಿದ್ದು ಎರಡೇ ಮನೆಯವರು ಅನ್ನೋ ಹಾಗೆ. ಹಿಂದಿನ ಕೋಶಗಳಲ್ಲಿ ಬೇರೆ ಪ್ರೋಟೀನುಗಳು ಆ ಎಂಆರ್‌ಎನ್‌ಎಯ ತುದಿ ಹಿಡ್ಕೊಂಡು ಓದೋಕೇ ಬಿಡಲ್ಲ. ಎಂಆರ್‌ಎನ್‌ಎ ನಾಲ್ಕರಲ್ಲೂ ಇದ್ದು ಪ್ರೋಟೀನ್ ಎರಡರಲ್ಲೇ ಇರೋದನ್ನ 1994ರಲ್ಲೇ ವಿಜ್ಞಾನಿ ಜೂಡಿತ್ ಕಿಂಬಲ್ ಅವರ ತಂಡ ತೋರಿಸಿದೆ.

ಇನ್ನೂ ಇದೆ. ಮುಂದಿನ ಆ ಎರಡರಲ್ಲಿ ಒಂದಕ್ಕೆ ಮಾತ್ರ ಪಿ2 ಅನ್ನೋ ಹಿಂಬದಿ ಕೋಶ ತಾಗಿಕೊಂಡಿರುತ್ತೆ, ಪಿ2 ಮೈಮೇಲಿರೋ ಎಪಿಎಕ್ಸ್-1 ಅನ್ನೋ ಸಿಗ್ನಲ್ ಪ್ರೋಟೀನ್ ಹೋಗಿ ಜಿಎಲ್‌ಪಿ-1ಗೆ ಅಂಟುತ್ತೆ, ಅಲ್ಲಿಂದ ಆ ಕೋಶದ ದಾರಿಯೇ ಬೇರೆ, ಅದರ ಜೊತೆಗಾರನ ದಾರಿಯೇ ಬೇರೆ. 1987ರಲ್ಲಿ ಪ್ರೀಸ್ ಮತ್ತು ಥಾಮ್ಸನ್ ಅನ್ನೋ ವಿಜ್ಞಾನಿಗಳು ಮುಂದಿನ ಆ ಎರಡರ ಜಾಗ ಅದಲುಬದಲು ಮಾಡಿದ್ರೂ ಹುಳ ಸರಿಯಾಗೇ ಬೆಳೀತು, ಅಂದ್ರೆ ಶುರುವಿನಲ್ಲಿ ಎರಡೂ ಒಂದೇ, ಯಾರ ಪಕ್ಕ ಇದ್ದೀವಿ ಅನ್ನೋದೇ ಮುಖ್ಯ. ಜಿಎಲ್‌ಪಿ-1 ಸೇರಿರೋ ನಾಚ್ ಅನ್ನೋ ಕುಟುಂಬದ ಪ್ರೋಟೀನುಗಳು ನಮ್ಮ ನಿಮ್ಮ ಮೈಯಲ್ಲೂ ಇವೆ.

ನಾವು ಕ್ಲಾಸಲ್ಲಿ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ಅಂತ ಬಾಣ ಎಳೆದು ಮುಗಿಸ್ತೀವಿ, ಮಕ್ಕಳು ಆರ್‌ಎನ್‌ಎ ಇದ್ದಲ್ಲೆಲ್ಲ ಪ್ರೋಟೀನ್ ಇರುತ್ತೆ ಅಂತಾನೇ ನಂಬ್ತಾರೆ. ಈ ನಾಲ್ಕು ಕೋಶದ ಒಂದು ಫೋಟೋ ನಿಮ್ಮ ಪತ್ರಿಕೆಯಲ್ಲಿ ಬಂದ್ರೆ ಸಾಕು, ನಾನು ಒಂದು ಪೀರಿಯಡ್ ಹೇಳೋದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ. ಹಾಗೇ ಚೆಟ್ಟಳ್ಳಿ, ಅಪ್ಪಂಗಳದ ಸಂಶೋಧನಾ ಕೇಂದ್ರದವರು ವರ್ಷಕ್ಕೊಂದು ದಿನ ಪಿಯು ಮಕ್ಕಳನ್ನ ಕರೆಸಿ ಮೈಕ್ರೋಸ್ಕೋಪಲ್ಲಿ ಜೀವಂತ ನೆಮಟೋಡ್ ತೋರಿಸಲಿ ಅಂತ ಕೇಳ್ಕೊಳ್ತೀನಿ, ಗೊಬ್ಬರಗುಂಡಿ ಮಣ್ಣು ನಾವೇ ತರ್ತೀವಿ.

– ಜೀವಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ