ಕಿವಿಗೆ ಎಣ್ಣೆ ಬಿಡುವ ಮುನ್ನ

ಮಾನ್ಯ ಸಂಪಾದಕರೇ,

ಚಳಿಗಾಲ ಶುರುವಾದರೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಕಿವಿನೋವಿನ ಮನೆಮದ್ದುಗಳು ತಪ್ಪದೇ ಬರುತ್ತವೆ. ಬೆಳ್ಳುಳ್ಳಿ ಎಣ್ಣೆಯಾಗಲಿ, ತುಳಸಿ ರಸವಾಗಲಿ, ದೊಡ್ಡಪತ್ರೆ ರಸವಾಗಲಿ, ‘ಎರಡು ಹನಿ ಕಿವಿಗೆ ಬಿಡಿ’ ಎಂಬಲ್ಲಿಗೆ ಮಾತು ಮುಗಿದಿರುತ್ತದೆ. ಬಿಡುವ ಮುನ್ನ ಕಿವಿ ಸೋರುತ್ತಿದೆಯೇ ಎಂದು ನೋಡಿಕೊಳ್ಳಬೇಕೆಂಬ ಸಾಲು ಇರುವುದಿಲ್ಲ. ಆ ಸಾಲನ್ನು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮನೆಮದ್ದನ್ನು ಹೀಗಳೆಯುವವಳಲ್ಲ. ತಿಪಟೂರಿನಂಥ ಕೊಬ್ಬರಿಯ ಊರಿನಲ್ಲಿ ಬೆಳೆದವರ ಕಿವಿಗೆ ಎಣ್ಣೆ ಹೊಸದೂ ಅಲ್ಲ. ನಮ್ಮಜ್ಜಿ ಕಬ್ಬಿಣದ ಸೌಟಿಗೆ ಕೊಬ್ಬರಿ ಎಣ್ಣೆ ಹಾಕಿ, ಎರಡೆಸಳು ಬೆಳ್ಳುಳ್ಳಿ ಜಜ್ಜಿ ಬಿಟ್ಟು, ಕೆಂಡದ ಮೇಲೆ ಹಿಡಿಯುತ್ತಿದ್ದರು. ಎಸಳು ಕೆಂಪಗಾಗಿ ಚುರುಗುಟ್ಟುವುದು ನಿಂತ ಮೇಲೆ ಸೌಟನ್ನು ಕೆಳಗಿಟ್ಟು, ಎಣ್ಣೆಯ ಹನಿಯೊಂದನ್ನು ತಮ್ಮ ಮಣಿಕಟ್ಟಿನ ಒಳಬದಿಗೆ ಹಾಕಿಕೊಂಡು ನೋಡಿ, ಸುಡುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಅರಳೆಯ ಬತ್ತಿಯಿಂದ ನಮ್ಮ ಕಿವಿಗೆ ಇಳಿಸುತ್ತಿದ್ದರು. ಆ ಪರೀಕ್ಷೆಗೆ ಅರ್ಥವಿತ್ತು. ಕಿವಿಗೆ ಬಿಡುವ ಹನಿ ಮೈಯ ಬಿಸಿಗಿಂತ ತೀರಾ ತಣ್ಣಗಿದ್ದರೂ ಹೆಚ್ಚು ಬಿಸಿಯಿದ್ದರೂ ಒಳಕಿವಿಯಲ್ಲಿರುವ ಸಮತೋಲದ ಅಂಗ ಕದಡಿ ತಲೆ ಸುತ್ತುತ್ತದೆ.

ಆದರೆ ಆ ಎಣ್ಣೆ ಹೋಗುವುದೆಷ್ಟು ದೂರ? ದೊಡ್ಡವರ ಕಿವಿಯ ರಂಧ್ರ ಸುಮಾರು 2.5 ಸೆಂಟಿಮೀಟರ್ ಉದ್ದವಿದ್ದು, ಅದರ ಕೊನೆಗೆ ತಮಟೆ ಎಂಬ ತೆಳು ಪೊರೆ ಅಡ್ಡ ಇರುತ್ತದೆ. ಮಕ್ಕಳಿಗೆ ನೆಗಡಿಯ ಬೆನ್ನಿಗೆ ಬರುವ ಕಿವಿನೋವು ಬಹುಮಟ್ಟಿಗೆ ಆ ತಮಟೆಯ ಹಿಂದಿನದು. ಮೂಗಿನ ಹಿಂಭಾಗದಿಂದ ನಡುಕಿವಿಗೆ ಹೋಗುವ ಕೊಳವೆ ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚು ಅಡ್ಡಡ್ಡವಾಗಿಯೂ ಇರುವುದರಿಂದ ಸೋಂಕು ಸುಲಭವಾಗಿ ಅಲ್ಲಿಗೆ ತಲುಪಿ ಕೀವು ಕಟ್ಟುತ್ತದೆ. ತಮಟೆ ಗಟ್ಟಿಯಿದ್ದರೆ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ, ತೂತಾಗಿದ್ದರೆ ಮುಟ್ಟಲೇಬಾರದು.

ಹಾಗಾದರೆ ಅಜ್ಜಿಯ ಎಣ್ಣೆಯಿಂದ ವಾಸಿಯಾಗುತ್ತಿತ್ತಲ್ಲ ಎಂದು ಕೇಳಬಹುದು. ಮಕ್ಕಳ ಇಂಥ ನೋವು ಎಷ್ಟೋ ಸಲ ಎರಡು ಮೂರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಎಣ್ಣೆಗೆ ಬರುತ್ತದೆ. ಇನ್ನೊಂದು ಬಗೆಯಲ್ಲಿ ನೋವು ಇಳಿಯುವುದೂ ಉಂಟು: ಒಳಗೆ ತುಂಬಿದ ಕೀವು ತಮಟೆಯನ್ನು ಒಡೆದುಕೊಂಡು ಹೊರಬಂದಾಗ ಒತ್ತಡ ಕಡಿಮೆಯಾಗಿ ಮಗು ಥಟ್ಟನೆ ಅಳು ನಿಲ್ಲಿಸಿ ಮಲಗುತ್ತದೆ. ‘ಕೆಟ್ಟದ್ದೆಲ್ಲ ಹೊರಗೆ ಬಂತು’ ಎಂದು ಹಿರಿಯರು ನಿಟ್ಟುಸಿರು ಬಿಡುವುದು ಆ ಗಳಿಗೆಯಲ್ಲೇ. ಕಿವಿಗೆ ಏನನ್ನೂ ಬಿಡಬಾರದ ಗಳಿಗೆಯೂ ಅದೇ.

ನಾನೇ ಆ ತಪ್ಪು ಮಾಡಿದ್ದೇನೆ. ಕಳೆದ ಮಳೆಗಾಲದಲ್ಲಿ ಮೊಮ್ಮಗನ ದಿಂಬಿನ ಮೇಲೆ ಹಳದಿ ಕಲೆ ಕಂಡಿದ್ದರೂ, ನೋವು ನಿಂತಿತಲ್ಲ ಎಂಬ ಧೈರ್ಯದ ಮೇಲೆ ಒಂದು ವಾರ ರಾತ್ರಿ ಹೊತ್ತು ಎಣ್ಣೆ ಬಿಟ್ಟೆ. ಹದಿನೈದು ದಿನದಲ್ಲಿ ಹುಡುಗನಿಗೆ ತಡೆಯಲಾರದ ನವೆ, ಕರೆದರೆ ಕೇಳಿಸದಷ್ಟು ಕಿವಿ ಕಟ್ಟಿತ್ತು. ತುಮಕೂರಿನ ಕಿವಿ, ಮೂಗು, ಗಂಟಲು ವೈದ್ಯರು ಒಳಗಿನಿಂದ ಎಳೆದು ತೆಗೆದದ್ದು ಒದ್ದೆ ಕಾಗದವನ್ನು ಮುದುಡಿದಂತೆ, ಮೇಲೆಲ್ಲ ಕಪ್ಪು ಚುಕ್ಕೆಗಳಿದ್ದ ಬೂಷ್ಟು. ಸೋರುವ ಕಿವಿಯ ತೇವ, ಅದರ ಮೇಲೆ ಎಣ್ಣೆಯ ಪಸೆ. ಬೂಷ್ಟಿಗೆ ಬೇಕಾದದ್ದನ್ನೆಲ್ಲ ನಾನೇ ಒದಗಿಸಿದ್ದೆ.

ಎಣ್ಣೆಗೆ ತಕ್ಕ ಕೆಲಸವೂ ಇದೆ. ತಮಟೆ ಸರಿಯಿರುವ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯನ್ನು ಅದು ಮೆದು ಮಾಡುತ್ತದೆ, ಒಳಗೆ ಹೊಕ್ಕು ಗುಯ್‌ಗುಟ್ಟುವ ಹುಳುವನ್ನು ಸುಮ್ಮನಾಗಿಸುತ್ತದೆ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿಯನ್ನು ಕೈಯಲ್ಲಿ ನೋಡಿಕೊಂಡು ಕಿವಿಯ ಹೊರಗೆ ಶಾಖ ಕೊಡುವುದು ಇವೆಲ್ಲಕ್ಕಿಂತ ನಿರಪಾಯವಾದದ್ದೆಂದು ನನ್ನ ಎಣಿಕೆ. ಕಿವಿಗೆ ಎಣ್ಣೆ ತುಂಬುವ ಆಯುರ್ವೇದದ ಕರ್ಣಪೂರಣವನ್ನು ಎತ್ತಿ ಹೇಳುವವರು, ಅದನ್ನು ಕಲಿತ ವೈದ್ಯರು ಕಿವಿಯನ್ನು ನೋಡಿದ ಮೇಲೆ ಮಾಡುತ್ತಾರೆಂಬುದನ್ನೂ ಸೇರಿಸಿ ಹೇಳಬೇಕು. ಎಕ್ಕದೆಲೆಯ ರಸದ ಮಾತಂತೂ ಬೇಡವೇ ಬೇಡ. ಅದರ ಹಾಲು ತಾಗಿದ ಕಡೆಯೆಲ್ಲ ಉರಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಕಿವಿಯ ಹನಿಗಳೂ ಈ ಎಚ್ಚರಿಕೆಗೆ ಹೊರತಲ್ಲ. ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆತ ಹನಿ ತೂತಾದ ತಮಟೆಯ ಮೂಲಕ ಒಳಗಿಳಿದರೆ ಶ್ರವಣಶಕ್ತಿಗೇ ಕುತ್ತು ತರಬಲ್ಲದು.

ಕಿವಿ ಸೋರುತ್ತಿದ್ದರೆ, ಕಿವಿಯ ಹಿಂದೆ ಊದಿದ್ದರೆ, ಜ್ವರ ಇಳಿಯದಿದ್ದರೆ, ಬಾಯಿ ಒಂದು ಬದಿಗೆ ಸೊಟ್ಟಗಾದರೆ ಕಾಯದೆ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆಯ ಹಿರಿಯರಿಗೆ ಕಿವಿನೋವು ಬಂದರೆ ಒಂದು ರಾತ್ರಿಯೂ ಮನೆಮದ್ದಿನಲ್ಲಿ ಕಳೆಯಬಾರದು, ಏಕೆಂದರೆ ಅವರಲ್ಲಿ ಹೊರಕಿವಿಯ ಸೋಂಕು ತಲೆಬುರುಡೆಯ ಮೂಳೆಗೆ ಹಬ್ಬುವುದುಂಟು. ಇಷ್ಟನ್ನೂ ಪ್ರತಿ ಸಲ ಅಚ್ಚು ಮಾಡಿ ಎಂದು ಕೇಳುತ್ತಿಲ್ಲ. ‘ಕಿವಿ ಸೋರುತ್ತಿದ್ದರೆ ಏನನ್ನೂ ಬಿಡಬೇಡಿ’ ಎಂಬ ನಾಲ್ಕು ಪದಗಳನ್ನು ಮದ್ದಿನ ಮೊದಲ ಸಾಲಿನಲ್ಲೇ, ಎಣ್ಣೆ ಕಾಯಿಸುವ ವಿಧಾನಕ್ಕಿಂತ ಮುಂಚೆ ಹಾಕಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ತಿಪಟೂರು, ತುಮಕೂರು ಜಿಲ್ಲೆ