ಎಂಟನೇ ಸರಣಿಯ 15ನೇ ಕಂತಿನ ಬಗ್ಗೆ ಒಂದು ವಿನಂತಿ

ಅಮೆರಿಕದ ಟಿವಿ ಧಾರಾವಾಹಿ ‘ನೈನ್ ಒನ್ ಒನ್’ ನೋಡುತ್ತಿರುವ ಎಲ್ಲರಿಗೂ ನಮಸ್ಕಾರ. ಈ ಕಂತನ್ನು ಇನ್ನೂ ನೋಡದವರು ದಯವಿಟ್ಟು ಓದುವುದನ್ನು ಇಲ್ಲಿಗೇ ನಿಲ್ಲಿಸಿ.

ಅಗ್ನಿಶಾಮಕ ತಂಡದ ಕ್ಯಾಪ್ಟನ್ ಬಾಬಿ ಹೋದದ್ದಕ್ಕೆ ನಿನ್ನೆ ರಾತ್ರಿಯಿಡೀ ನಮ್ಮ ಗುಂಪಿನಲ್ಲಿ ಸಂಕಟ, ಸಿಟ್ಟು ಎರಡೂ ಹರಿದವು. ಇದ್ದ ಒಂದೇ ಮದ್ದನ್ನು ತನ್ನ ತಂಡದ ಚಿಮ್ನಿ ಎಂಬವನಿಗೆ ಬಿಟ್ಟುಕೊಟ್ಟು, ಗಾಜಿನ ಆಚೆ ಆತ, ಈಚೆ ಹೆಂಡತಿ ಅಥೀನಾ. ನಾನೂ ಅತ್ತಿದ್ದೇನೆ. ಮುಖ್ಯ ಪಾತ್ರವನ್ನೇ ಸಾಯಿಸಿದ್ದು ಅನ್ಯಾಯ ಎನ್ನುವವರ ಮಾತನ್ನು ಒಪ್ಪಲಾರೆ, ಆದರೆ ಆ ಸಿಟ್ಟು ಪ್ರೀತಿಯದೇ.

ಬೇಸರವಾದದ್ದು ‘ಧಾರಾವಾಹಿಗೆಲ್ಲ ಅಳುವುದೇ?’ ಎಂಬ ಸಂದೇಶಗಳಿಂದ. ಬಾಬಿಯನ್ನು ಕೊಂದದ್ದು ಕ್ರಿಮಿಯನ್-ಕಾಂಗೋ ಜ್ವರದ ವೈರಾಣು. ಆ ಜ್ವರ ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುತ್ತದೆ. ಉಣ್ಣೆ ತರುವ ಜ್ವರವೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ನಮ್ಮ ಸದಸ್ಯರೊಬ್ಬರು ತಂದೆಯನ್ನು ಕಳೆದುಕೊಂಡದ್ದು ಅದೇ ಕಾಯಿಲೆಗೆ. ಕೊನೆಯ ಸಲ ನೋಡಿದ್ದು ತೀವ್ರ ನಿಗಾ ಘಟಕದ ಗಾಜಿನಿಂದಲೇ. ತಂದೆಯವರ ಎಲೆಅಡಿಕೆಯ ಸಂಚಿ ಇನ್ನೂ ಜಗಲಿಯ ಗೂಟದಲ್ಲೇ ತೂಗುತ್ತಿದೆ, ತೆಗೆಯಲು ಅಮ್ಮ ಬಿಡುತ್ತಿಲ್ಲವಂತೆ. ಆ ಸದಸ್ಯರು ಇದನ್ನು ಗುಂಪಿನಲ್ಲಿ ಬರೆದ ಮರುಕ್ಷಣವೇ ಕೆಳಗೆ ನಗುವ ಚಿತ್ರಗಳು ಬಿದ್ದವು. ಹಾಕಿದವರು ಅವನ್ನು ಅಳಿಸಿ, ಅವರಿಗೆ ಫೋನ್ ಮಾಡಿ ಮಾತನಾಡಿ.

ಮುಂದಿನ ಕಂತುಗಳ ವಿಷಯ ಭಾನುವಾರದವರೆಗೆ ಬೇಡ. ಅಂದು ಸಂಜೆ ಐದಕ್ಕೆ ಗಾಂಧಿ ಪಾರ್ಕಿನಲ್ಲಿ ಸೇರೋಣ, ಮಳೆ ಬಂದರೆ ನಮ್ಮ ಮನೆಯಲ್ಲಿ.